ಬೆಲ್ಲ ತರದ ಮನೆ

ನನ್ನ ಮನೆಗೆ ಬೆಲ್ಲ ತರುವುದಿಲ್ಲ. ಯುಗಾದಿಗೂ ಸಕ್ಕರೆ ಒಬ್ಬಟ್ಟೇ, ಬೇವಿನ ಜೊತೆಗೂ ಸಕ್ಕರೆಯೇ. ಇವಳಿಗೆ ಆಲೆಮನೆಯವರ ಮೇಲೇನು ಹಗೆಯೋ ಎಂದು ಗಂಡ ರೇಗಿಸುತ್ತಾರೆ. ಹಗೆ ಆಲೆಮನೆಯ ಮೇಲಲ್ಲ, ಒಂದು ನಂಬಿಕೆಯ ಮೇಲೆ.

ಅಪ್ಪ ತೆಲುಗು ಸೀಮೆಯ ಕಲ್ಲಿದ್ದಲು ಗಣಿಯಲ್ಲಿ ದುಡಿದವನು. ನಮ್ಮದು ಪಾವಗಡ ತಾಲ್ಲೂಕಿನ ರಾಯಚರ್ಲು ಕಡೆಯ ಹಳ್ಳಿ. ತೆಲುಗು ಮೊದಲೇ ಬರುತ್ತಿದ್ದುದರಿಂದ ಅಲ್ಲಿ ಹೊಂದಿಕೊಳ್ಳುವುದು ಅವನಿಗೆ ಕಷ್ಟವಾಗಲಿಲ್ಲ. ಮೊದಮೊದಲು ಪಿಕಾಸಿಯಲ್ಲಿ ಕೀಳುತ್ತಿದ್ದರಂತೆ. ಮೆಷಿನ್ನು ಬಂದ ಮೇಲೆ ಬೆನ್ನಿಗೆ ಆರಾಮಾಯಿತು, ಧೂಳು ಹೆಚ್ಚಿತು ಎನ್ನುತ್ತಿದ್ದ. ಪಾಳಿ ಮುಗಿಸಿ ಮೇಲೆ ಬಂದವರೆಲ್ಲ ಒಂದೊಂದು ಉಂಡೆ ಬೆಲ್ಲ ತಿನ್ನುತ್ತಿದ್ದರು. ಬೆಲ್ಲ ಗಂಟಲಿಳಿಯುವಾಗ ಎದೆಯ ಧೂಳನ್ನೂ ಕೆಳಕ್ಕೆ ಎಳೆದುಕೊಂಡು ಹೋಗುತ್ತದೆ ಎಂದು ಅವರ ನಂಬಿಕೆ. ಹಬ್ಬಕ್ಕೆ ಊರಿಗೆ ಬಂದಾಗಲೂ ಅಪ್ಪ ಸಂಜೆ ತಪ್ಪದೆ ತಿನ್ನುತ್ತಿದ್ದ. ಎಷ್ಟು ಒಗೆದರೂ ಅವನ ಅಂಗಿಯ ಕಾಲರು ಕಪ್ಪಾಗಿಯೇ ಇರುತ್ತಿತ್ತು. ಅದನ್ನು ನೋಡಿಯಾದರೂ ನಮಗೆ ಬುದ್ಧಿ ಬರಬೇಕಿತ್ತು.

ಗಣಿ ಬಿಟ್ಟು ಊರಿಗೆ ಬಂದ ಮೇಲೆ, ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಮೂರು ಕಡೆ ನಿಲ್ಲುತ್ತಿದ್ದ. ನಿಂತಾಗಲೆಲ್ಲ ಒಂದು ನೆಪ: ಹುಣಸೆ ಮರ ನೋಡುವುದು, ಬಗ್ಗಿ ಚಪ್ಪಲಿ ಕೊಡವುವುದು. ಎಕ್ಸ್‌ರೇ ನೋಡಿದ ಡಾಕ್ಟರು, ಧೂಳು ಶ್ವಾಸಕೋಶದಲ್ಲಿ ಕೂತುಬಿಟ್ಟಿದೆ, ಇನ್ನು ಹೊರಗೆ ಬರುವುದಿಲ್ಲ ಎಂದರು. ಬೆಲ್ಲದ ವಿಷಯ ಕೇಳಿದ್ದು ನಾನೇ. ಅದು ಹೊಟ್ಟೆಗೆ ಹೋಗುತ್ತದೆ, ಧೂಳು ಹೋಗುವ ದಾರಿಯೇ ಬೇರೆ ಎಂದರು. ಅದನ್ನೇ ಅಪ್ಪನಿಗೆ ಹೇಳಿದೆ.

"ದಾರಿ ಎಲ್ಡಿದ್ರೇನಮ್ಮ, ಬಾಯಿ ಒಂದೇ ಐತಲ್ಲ" ಎಂದು ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡ.

ಅವನು ತೀರಿಕೊಂಡ ಮೇಲೆ ನಾನು ಬೆಲ್ಲ ತರುವುದನ್ನು ನಿಲ್ಲಿಸಿದೆ.

ಈಗ ತಮ್ಮನ ಸರದಿ. ಊರಿನ ಹೊಲಗಳಲ್ಲಿ ಸೋಲಾರ್ ಪ್ಯಾನೆಲ್ಲುಗಳು ಎದ್ದ ಮೇಲೆ ಅವನಿಗೆ ಅಲ್ಲಿ ಕೆಲಸವಿರಲಿಲ್ಲ. ಕೊರಟಗೆರೆ ಕಡೆಯ ಜಲ್ಲಿ ಕ್ರಷರ್ ಒಂದಕ್ಕೆ ಸೇರಿದ. ಇನ್ನು ಕಲ್ಲಿದ್ದಲು ಬೇಡ, ಬಿಸಿಲಿನಿಂದಲೇ ಕರೆಂಟು ಎಂದು ಮಕ್ಕಳಿಗೆ ಪಾಠ ಮಾಡುವ ಟೀಚರು ನಾನು. ನಮ್ಮ ಮನೆಯವರ ಪಾಲಿಗೆ ಧೂಳಿನ ಬಣ್ಣ ಮಾತ್ರ ಬದಲಾಯಿತು, ಕಪ್ಪು ಹೋಗಿ ಬಿಳಿ ಬಂತು.

ಮಾಸ್ಕ್ ಕೊಡಿಸಿದೆ. ಬೆವರಿಗೆ ಒದ್ದೆಯಾಗಿ ಉಸಿರು ಕಟ್ಟುತ್ತದೆ ಎಂದು ಬೈಕಿನ ಹ್ಯಾಂಡಲಿಗೆ ನೇತುಹಾಕಿದ್ದಾನೆ. ಕೆಲಸ ಬಿಡು ಎಂದೆ, ಎಕ್ಸ್‌ರೇ ತೆಗೆಸು ಎಂದೆ. ಪ್ರತಿ ಸಲವೂ ಬರುವ ವಾರ ಎನ್ನುತ್ತಾನೆ. ಹೇಳಿ ಹೇಳಿ ನನಗೂ ಸಾಕಾಗಿದೆ. ಹೇಳದೆ ಇರುವುದಕ್ಕೂ ಆಗುವುದಿಲ್ಲ.

ಹೋದ ಭಾನುವಾರ ಮಧುಗಿರಿಯ ನನ್ನ ಮನೆಗೆ ಬಂದ. ನಮ್ಮದು ಮೊದಲ ಮಹಡಿ, ಹದಿನಾಲ್ಕೇ ಮೆಟ್ಟಿಲು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಎಂಟನೆಯ ಮೆಟ್ಟಿಲಲ್ಲಿ ನಿಂತು, ಬಗ್ಗಿ ಚಪ್ಪಲಿ ಕೊಡವಿದ. ಚಪ್ಪಲಿಯಲ್ಲಿ ಏನೂ ಇರಲಿಲ್ಲ.

ಒಳಗೆ ಬಂದು ಕೂತ. ನಾಳೆಯೇ ಆಸ್ಪತ್ರೆಗೆ ಹೋಗೋಣ ಎಂದೆ. ಈ ಸಲ ಬರುವ ವಾರ ಎನ್ನಲಿಲ್ಲ, ಸುಮ್ಮನೆ ತಲೆಯಾಡಿಸಿದ. ಅವನು ಒಪ್ಪಿದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

"ಒಂಚೂರು ಬೆಲ್ಲ ಐತೇನಕ್ಕ?" ಎಂದ.

ಡಾಕ್ಟರು ಹೇಳಿದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಅವನನ್ನು ಫ್ಯಾನಿನ ಕೆಳಗೆ ಕೂರಿಸಿ, ಮೂಲೆಯ ಅಂಗಡಿಗೆ ಹೋಗಿ ಒಂದು ಅಚ್ಚು ಬೆಲ್ಲ ತಂದೆ.