ಕೆಳಗಿನ ಡಿವಿಷನ್ನಿನ ರಷ್ಯನ್

ಬೇಲೂರಿನ ಗೈಡುಗಳಲ್ಲಿ ರಷ್ಯನ್ ಮಾತಾಡುವವನು ನಾನೊಬ್ಬನೇ. ಹೀಗೆ ಹೇಳಿಕೊಳ್ಳುವಾಗ ಎದೆ ಉಬ್ಬುತ್ತದೆ. ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ಉಬ್ಬಿದ್ದು ಸ್ವಲ್ಪ ಇಳಿಯುತ್ತದೆ. ಯಾಕೆಂದರೆ ನಾನು ಕಲಿತದ್ದು ಅರಸೀಕೆರೆಗೂ ಬೇಲೂರಿಗೂ ಓಡಾಡುವ ಬಸ್ಸಿನಲ್ಲಿ, ಫೋನಿನಲ್ಲಿ ರಷ್ಯಾದ ಕೆಳದರ್ಜೆಯ ಫುಟ್‌ಬಾಲ್ ಪಂದ್ಯಗಳನ್ನು ನೋಡುತ್ತ.

ಪ್ರವಾಸಿಗಳು ಗುಡಿಯ ವಿವರಣೆಯನ್ನೂ ಫೋನಿನಲ್ಲೇ ಕೇಳಿಕೊಂಡು ತಮ್ಮ ಪಾಡಿಗೆ ತಾವು ಗುಡಿ ಸುತ್ತತೊಡಗಿದಾಗ ನನಗೆ ಚಿಂತೆ ಹತ್ತಿತು. ಚಿಂತೆ ನನಗೆ ಹೊಸದಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಬ್ರೇಕ್ ಕೆಟ್ಟಿರಬಹುದೇ ಎಂದು ಯೋಚಿಸುವ ಆಸಾಮಿ ನಾನು. ಇನ್ನೊಂದು ಭಾಷೆ ಬಂದರೆ ಹೇಗೋ ಬದುಕಿಕೊಂಡೇನು ಅನ್ನಿಸಿತು. ಫ್ರೆಂಚ್, ಜಪಾನಿಯಲ್ಲಿ ಹೇಳುವವರು ಆಗಲೇ ಇದ್ದರು. ರಷ್ಯನ್‌ಗೆ ಯಾರೂ ಇರಲಿಲ್ಲ. ಚಿಕ್ಕಂದಿನಲ್ಲಿ ಸೋವಿಯತ್ ಪತ್ರಿಕೆಯ ನುಣುಪು ಹಾಳೆಗಳನ್ನು ಶಾಲೆಯ ಪುಸ್ತಕಕ್ಕೆ ಹೊದಿಸಿಕೊಂಡು ಓದಿದ ತಲೆಮಾರು ನಮ್ಮದು. ಆ ನೆಂಟಸ್ತಿಕೆಯೊಂದೇ ನನ್ನ ಬಂಡವಾಳ.

ಅಕ್ಷರ ಕಲಿತೆ, ವ್ಯಾಕರಣದಲ್ಲಿ ಮುಗ್ಗರಿಸಿದೆ. ಆಮೇಲೆ ಕಿವಿಗೆ ಬೀಳಲಿ ಎಂದು ಫುಟ್‌ಬಾಲ್ ಹಾಕಿಕೊಂಡೆ. ಮೇಲಿನ ಲೀಗಿನ ಕಾಮೆಂಟರಿಯವರು ಹಸಿಮೆಣಸಿನಕಾಯಿ ಕಚ್ಚಿದವರಂತೆ ಮಾತಾಡುತ್ತಿದ್ದರು. ಒಂದು ಪದ ಹಿಡಿಯುವಷ್ಟರಲ್ಲಿ ಗೋಲೇ ಆಗಿರುತ್ತಿತ್ತು. ಮೂರನೆಯ, ನಾಲ್ಕನೆಯ ದರ್ಜೆಗೆ ಇಳಿದ ಮೇಲೆ ಜೀವಕ್ಕೆ ಸಮಾಧಾನವಾಯಿತು. ಅಲ್ಲಿ ಏನೂ ನಡೆಯುವುದಿಲ್ಲ. ಸಣ್ಣ ಊರಿನ ಮೈದಾನ, ಒಂದೇ ಕ್ಯಾಮೆರಾ, ಒಬ್ಬನೇ ಕಾಮೆಂಟರಿಯವನು. ಚೆಂಡು ಹೊರಗೆ ಹೋದರೆ ಅದನ್ನು ತರಲು ಯಾರಾದರೂ ಬೇಲಿ ದಾಟಬೇಕು. ಅಷ್ಟು ಹೊತ್ತೂ ಆತ ಮಾತಾಡುತ್ತಲೇ ಇರಬೇಕಲ್ಲ? ಹವಾಮಾನ ಹೇಳುತ್ತಾನೆ, ಆ ಊರಿನ ಕಾರ್ಖಾನೆಯ ಕಥೆ ಹೇಳುತ್ತಾನೆ, ಒಬ್ಬೊಬ್ಬ ಆಟಗಾರನೂ ಯಾವ ಊರಿನವನು, ಯಾರ ಕೈಯಲ್ಲಿ ಪಳಗಿದವನು ಎಂದು ನಿಧಾನವಾಗಿ, ನೆಂಟರ ಮನೆಯ ಸುದ್ದಿಯಂತೆ ಹೇಳುತ್ತಾನೆ. ನನಗೆ ಬೇಕಾಗಿದ್ದದ್ದೂ ಅದೇ.

ಸಂಜೆ ಬಸ್ಸು ಜಾವಗಲ್ ದಾಟುವ ಹೊತ್ತಿಗೆ ಅಲ್ಲಿ ಎರಡನೆಯ ಅರ್ಧ ಶುರುವಾಗಿರುತ್ತಿತ್ತು. ಕಲಿಯುವ ನೆಪದಲ್ಲಿ ಒಂದು ತಂಡಕ್ಕೆ ಮನಸ್ಸು ಕೊಟ್ಟೆ. ಅದು ಸೋಲುತ್ತಲೇ ಇತ್ತು. ಮನೆಗೆ ಬಂದ ಮೇಲೂ ಮುಖ ಸಪ್ಪಗಿಟ್ಟುಕೊಂಡು ಕೂತರೆ ಹೆಂಡತಿ ತಟ್ಟೆ ಇಡುತ್ತ, "ಗೆಲ್ಲೋ ಟೀಮಾದ್ರೂ ನೋಡ್ಬಾರ್ದೇನ್ರೀ? ಚಿಂತೆ ಮಾಡೋಕೆ ನಮ್ಮೂರಲ್ಲೇ ಬೇಕಾದಷ್ಟಿದೆ," ಎನ್ನುತ್ತಿದ್ದಳು.

ಹೋದ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಬೇಲೂರಿಗೆ ರಷ್ಯನ್ನರ ಗುಂಪೊಂದು ಬಂದಿಳಿಯಿತು. ಜೊತೆಗೆ ಬರಬೇಕಿದ್ದ ದುಭಾಷಿ ಜ್ವರ ಬಂದು ಬೆಂಗಳೂರಿನಲ್ಲೇ ಮಲಗಿದ್ದ. ಅವರನ್ನು ಕರೆತಂದಿದ್ದ ಟ್ರಾವೆಲ್ ಕಂಪನಿಯ ಮ್ಯಾನೇಜರ್ ಹೆಂಗಸು ಗೋಪುರದ ಮುಂದೆ ಕೈ ಹಿಸುಕಿಕೊಳ್ಳುತ್ತ ನಿಂತಿದ್ದರು. ನಮ್ಮ ಹಿರಿಯ ಗೈಡು ನನ್ನ ಕಡೆ ಬೆರಳು ತೋರಿಸಿದ.

"ಇವನ್ನ ಕರ್ಕೊಂಡೋಗಿ ಮೇಡಂ. ಬಸ್ಸಲ್ಲೆಲ್ಲಾ ರಷ್ಯನ್ನಲ್ಲೇ ಗೊಣಗ್ತಾ ಬತ್ತಾನೆ. ಏನ್ಲಾ, ಹೋಯ್ತೀಯೋ, ಇಲ್ಲಾ ಇವತ್ತೂ ಮ್ಯಾಚ್ ಐತೋ?"

ಆತ ಹೇಳಿದ್ದು ಗೇಲಿಗೆ. ಮ್ಯಾನೇಜರ್ ಅದನ್ನು ಗೇಲಿಯೆಂದು ತಿಳಿಯಲಿಲ್ಲ. ಕರಾರು ಸೀದಾ ಇತ್ತು. ಬೇಲೂರನ್ನು ನಾನು ತೋರಿಸಬೇಕು. ಗುಂಪಿಗೆ ಒಪ್ಪಿಗೆಯಾದರೆ ಮಧ್ಯಾಹ್ನ ಹಳೇಬೀಡಿಗೂ ನಾನೇ. ಮುಂದೆ ಬರುವ ರಷ್ಯನ್ ಗುಂಪುಗಳಿಗೂ ನನ್ನನ್ನೇ ಕರೆಯುತ್ತಾರೆ. ಇಲ್ಲದಿದ್ದರೆ ಊಟದ ಹೊತ್ತಿಗೇ ನನಗೆ ನಮಸ್ಕಾರ ಹೇಳಿ ಇಂಗ್ಲಿಷ್ ಗೈಡನ್ನು ಹಾಕಿಕೊಳ್ಳುತ್ತಾರೆ. ಚಪ್ಪಲಿ ಬಿಟ್ಟು ಒಳಗೆ ಹೊರಟೆ. ಸೋತರೆ ಕ್ಯಾಂಟೀನಿನಲ್ಲಿ ಉಳಿದ ಗೈಡುಗಳು ನನ್ನನ್ನು ಹೇಗೆ ಆಡಿಕೊಳ್ಳುತ್ತಾರೆ ಎಂಬುದು ಒಂದೊಂದು ಮಾತೂ ಬಿಡದಂತೆ ಕಿವಿಯಲ್ಲಿ ಕೇಳಿಸತೊಡಗಿತು.

ಗುಡಿಯ ತಳಪಟ್ಟಿಯ ಮುಂದೆ ಗುಂಪನ್ನು ನಿಲ್ಲಿಸಿದೆ. ಕೆಳಗೆ ಆನೆ, ಅದರ ಮೇಲೆ ಸಿಂಹ, ಅದರ ಮೇಲೆ ಕುದುರೆ: ಬಲ, ಧೈರ್ಯ, ವೇಗ. ವರ್ಷಗಟ್ಟಲೆ ಹೇಳಿ ಹೇಳಿ ನಾಲಗೆ ಸವೆದ ಮಾತು. ರಷ್ಯನ್ನಿನಲ್ಲಿ ಬಾಯಿ ತೆರೆದಾಗ ಬಂದದ್ದೇ ಬೇರೆ. ಆನೆಗಳು ಡಿಫೆನ್ಸ್, ಗಟ್ಟಿಯಾಗಿ ನಿಂತಿವೆ. ಸಿಂಹಗಳು ನಡುಮೈದಾನ ಕಾಯುತ್ತಿವೆ. ಕುದುರೆಗಳು ಎರಡೂ ಅಂಚಿನಿಂದ ದಾಳಿಗೆ ನುಗ್ಗುತ್ತಿವೆ ಎಂದುಬಿಟ್ಟೆ. ಯಾರೋ ಕಿಸಕ್ಕೆಂದರು. ಬೆವರೊರೆಸಿಕೊಂಡು ಇತಿಹಾಸಕ್ಕೆ ಹಾರಿದೆ. ಗುಡಿ ಕಟ್ಟಿಸಿದ ದೊರೆ ಮೊದಲು ಜೈನನಾಗಿದ್ದ, ಆಮೇಲೆ ವೈಷ್ಣವನಾದ ಎಂದು ಹೇಳಬೇಕಿತ್ತು. ಮತಾಂತರಕ್ಕೆ ರಷ್ಯನ್ನಿನಲ್ಲಿ ಏನನ್ನುತ್ತಾರೋ ನನಗೆ ತಿಳಿಯದು. ದೊರೆ ಹೊಸ ಕ್ಲಬ್ಬಿಗೆ ಹೋದ, ರಾಣಿ ಮಾತ್ರ ಹಳೇ ಕ್ಲಬ್ಬಿನಲ್ಲೇ ಉಳಿದಳು ಎಂದೆ. ಈ ಸಲ ಗುಂಪೆಲ್ಲ ನಕ್ಕಿತು. ದೂರದಲ್ಲಿ ನಿಂತಿದ್ದ ಮ್ಯಾನೇಜರ್ ಹುಬ್ಬು ಗಂಟಿಕ್ಕಿದರು. ಹಳೇಬೀಡು ಕೈತಪ್ಪಿತು ಎಂದುಕೊಂಡೆ.

ಹೇಗೂ ಹೋಗಿದ್ದೇ ಆಯಿತು, ನನಗೆ ಇಷ್ಟವಾದದ್ದನ್ನಾದರೂ ತೋರಿಸಿಬಿಡೋಣ ಎಂದು ಶಿಲಾಬಾಲಿಕೆಯರ ಕಡೆ ನಡೆದೆ. ಸೂರಿನ ಕೆಳಗೆ ಓರೆಯಾಗಿ ನಿಂತ ಆ ಹೆಂಗಸರ ಸೊಬಗನ್ನು ಬಣ್ಣಿಸುವಷ್ಟು ಪದ ನನ್ನಲ್ಲಿರಲಿಲ್ಲ. ಕಾಲಬುಡದ ಕಲ್ಲಿನಲ್ಲಿ ಕೊರೆದ ಹಳಗನ್ನಡದ ಅಕ್ಷರಗಳತ್ತ ಬೆರಳು ಮಾಡಿದೆ. ಅದು ಕೆತ್ತಿದವನು ಹಾಕಿಕೊಂಡ ಹೆಸರು, ಜೊತೆಗೆ ಅವನ ಊರು. ಇದನ್ನು ಹೇಳಲು ನನಗೆ ಒಂದು ಕ್ಷಣವೂ ತಡವರಿಸಬೇಕಾಗಲಿಲ್ಲ. ಪ್ರತಿ ಸಂಜೆ ಕೇಳಿದ್ದು ಈ ವಾಕ್ಯಗಳನ್ನೇ ಅಲ್ಲವೇ? ಈತ ಬಳ್ಳಿಗಾವೆಯವನು, ಆ ಊರಿನ ಗರಡಿಯಲ್ಲೇ ಪಳಗಿದವನು. ಮಗನಿಗೂ ಕೈಹಿಡಿದು ಕಲಿಸಿದ. ಅಪ್ಪ ಮಗ ಇಬ್ಬರೂ ಈ ಒಂದೇ ತಂಡಕ್ಕೆ ಆಡಿದರು. ಊರು ದೊಡ್ಡದಲ್ಲ, ಆದರೆ ಒಳ್ಳೆಯವರನ್ನು ತಯಾರು ಮಾಡುತ್ತದೆ.

ಯಾರೂ ನಗಲಿಲ್ಲ. ಎಲ್ಲರೂ ಕತ್ತೆತ್ತಿ ಆ ಅಕ್ಷರಗಳನ್ನೇ ನೋಡುತ್ತಿದ್ದರು. ದಪ್ಪ ಕನ್ನಡಕದ ಹಿರಿಯ ಹೆಂಗಸೊಬ್ಬರು ಮುಂದೆ ಬಂದು, ಇದು ಪ್ರೊಫೆಸರರ ರಷ್ಯನ್ ಅಲ್ಲ, ಫುಟ್‌ಬಾಲಿನ ರಷ್ಯನ್, ಎಲ್ಲಿಂದ ಬಂತು ಎಂದು ಕೇಳಿದರು. ಸಿಕ್ಕಿಬಿದ್ದವನಂತೆ ನಿಜ ಹೇಳಿದೆ. ಅವರು ನಂಬಲಿಲ್ಲ. ತಮ್ಮ ಊರಿನಲ್ಲೂ ಅಂಥದೊಂದು ತಂಡವಿದೆ, ಮಾಸ್ಕೋದವರಿಗೇ ಅದರ ಹೆಸರು ಗೊತ್ತಿಲ್ಲ ಎಂದು, ವೋಲ್ಗಾ ದಂಡೆಯ ಸಣ್ಣದೊಂದು ಊರಿನ ಹೆಸರು ಹೇಳಿದರು.

ನನಗೆ ಗೊತ್ತಿತ್ತು. ಗೋಲಿನ ಹಿಂದೆ ಬರ್ಚ್ ಮರಗಳ ಸಾಲಿರುವ ಮೈದಾನ. ಗೋಲ್‌ಕೀಪರ್ ಎತ್ತರದವನು, ಕಾರ್ನರ್ ಬಂದಾಗ ಮಾತ್ರ ಎಡವಟ್ಟು ಮಾಡುತ್ತಾನೆ. ಹಿಂದಿನ ಶನಿವಾರವೂ ಹಾಗೇ ಮಾಡಿದ್ದ. ಅಷ್ಟನ್ನೂ ಅವರಿಗೆ ಹೇಳಿದೆ.

ಹೆಂಗಸು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಫೋನು ತೆಗೆದು, "ಅದನ್ನೇ ಇನ್ನೊಂದು ಸಲ ಹೇಳಿ. ನನ್ನ ಗಂಡನಿಗೆ ಕಳಿಸಬೇಕು. ಮಳೆಯಲ್ಲಿ ಹೋಗಿ ಅವರ ಆಟ ಯಾಕೆ ನೋಡ್ತೀಯ, ಯಾರಿಗೆ ಬೇಕಾಗಿದೆ ಅಂತ ನಾನು ಬೈತಾನೇ ಇದ್ದೆ," ಎಂದರು. ಚೆನ್ನಕೇಶವನಿಗೆ ಬೆನ್ನು ಮಾಡದಂತೆ ಸ್ವಲ್ಪ ಸರಿದು ನಿಂತು, ಆ ಗೋಲ್‌ಕೀಪರನ ತಪ್ಪನ್ನು ಮತ್ತೊಮ್ಮೆ ವಿವರವಾಗಿ ಹೇಳಿದೆ. ಗಂಡನಿಂದ ಕೂಡಲೇ ಧ್ವನಿ ಸಂದೇಶದಲ್ಲಿ ಉತ್ತರ ಬಂತು. ಗುಂಪಿಗೆಲ್ಲ ಕೇಳುವಂತೆ ಅವರು ಅದನ್ನು ಹಾಕಿದರು: ತಪ್ಪು ಗೋಲ್‌ಕೀಪರನದಲ್ಲ, ಡಿಫೆನ್ಸಿನದು, ಆ ಇಂಡಿಯಾದವರಿಗೆ ತಿಳಿಸು.

ಅಲ್ಲಿಂದ ಮುಂದೆ ಗುಂಪು ನನ್ನನ್ನು ಬಿಡಲೇ ಇಲ್ಲ. ಪ್ರತಿ ವಿಗ್ರಹದ ಬುಡದಲ್ಲೂ ಹೆಸರು ಹುಡುಕಿದರು. ಸಿಕ್ಕಾಗ ನನ್ನನ್ನು ಕೂಗಿ, ಇವನು ಯಾವ ಊರಿನವನು ಎಂದು ಕೇಳಿದರು. ಗೊತ್ತಿದ್ದಕ್ಕೆ ಹೇಳಿದೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ಇಷ್ಟು ವರ್ಷ ಆ ಗುಡಿಯನ್ನು ದೊರೆಯದೆಂದೇ ಹೇಳಿಕೊಂಡು ಬಂದವನು ನಾನು. ಅವತ್ತು ಮೊದಲ ಸಲ ಅದು ನಾಡಿನ ಸಣ್ಣ ಸಣ್ಣ ಊರುಗಳ ಗುಡಿಯಾಗಿ ಕಂಡಿತು. ನಾನೂ ಈ ನಾಡಿನವನೇ ಎನ್ನುವ ಹೆಮ್ಮೆ ಮೈಯೆಲ್ಲ ಹರಡಿತು.

ಮ್ಯಾನೇಜರ್ ಬಸ್ಸಿನ ಬಾಗಿಲಲ್ಲಿ ಕಾಯುತ್ತಿದ್ದರು. "ಏನ್ ಹೇಳಿದ್ರೋ ನಂಗೊಂದೂ ಅರ್ಥ ಆಗ್ಲಿಲ್ಲ ಸರ್. ಆದ್ರೆ ಅವ್ರು ನೀವಿಲ್ದೆ ಬಸ್ ಹತ್ತಲ್ಲ ಅಂತಿದಾರೆ," ಎಂದು ಮೈಕು ಕೈಗೆ ಕೊಟ್ಟು ಮುಂದಿನ ಸೀಟು ತೋರಿಸಿದರು. ಬಸ್ಸು ಹಳೇಬೀಡಿನ ರಸ್ತೆ ಹಿಡಿದ ಮೇಲೆ ಪಕ್ಕಕ್ಕೆ ಬಂದು, ಜನವರಿಯಲ್ಲಿ ಇನ್ನೂ ಎರಡು ಗುಂಪು ಬರುತ್ತವೆ, ಬರುತ್ತೀರಾ ಎಂದು ಕೇಳಿದರು. ನಾನು ಯೋಚಿಸಲಿಲ್ಲ, ಮನೆಯಲ್ಲಿ ಕೇಳಿ ಹೇಳುತ್ತೇನೆ ಎನ್ನಲಿಲ್ಲ.

"ಬರ್ತೀನಿ ಮೇಡಂ," ಎಂದೆ.

ರಷ್ಯಾದಲ್ಲಿ ಚಳಿಗಾಲಕ್ಕೆ ಆ ಲೀಗುಗಳೆಲ್ಲ ಮುಚ್ಚುತ್ತವೆ, ಮಾರ್ಚ್ ತನಕ ಒಂದು ಪಂದ್ಯವೂ ಇರುವುದಿಲ್ಲ, ಜನವರಿಯಷ್ಟರಲ್ಲಿ ಕಲಿತದ್ದೆಲ್ಲ ಮರೆತುಹೋದರೆ ಏನು ಗತಿ ಎಂದು ಹೊಳೆದದ್ದು ಆಮೇಲೆ. ಅಷ್ಟರಲ್ಲಿ ಒಪ್ಪಿಕೊಂಡಾಗಿತ್ತು. ಹಿಂದಿನ ಸೀಟಿನವರು ಕಿಟಕಿಯಾಚೆಯ ರಾಗಿ ಹೊಲ ತೋರಿಸಿ ಅದೇನೆಂದು ಕೇಳುತ್ತಿದ್ದರು. ನಾನು ಮೈಕು ಎತ್ತಿಕೊಂಡೆ.