ಇಪ್ಪತ್ತಾರು ಪೀಸಿಗೆ ಒಂದು ಡೀವಿಯೇಷನ್ ನೋಟ್

ನಾನು ಡಿಗ್ರಿ ಓದಿದ್ದು ಪೀಣ್ಯದ ಒಂದು ಐಟಿಐ ಕಟ್ಟಡದಲ್ಲಿ. ಕೆಳಗೆ ಲೇತು, ಮೇಲೆ ಬಿಸಿಎ. ತೊಂಬತ್ತರ ದಶಕದ ಕೊನೆಗೆ ಊರಿಗೆಲ್ಲ ಕಂಪ್ಯೂಟರ್ ಹುಚ್ಚು ಹಿಡಿದಾಗ ನಮ್ಮ ಪ್ರಿನ್ಸಿಪಾಲರು ಮಹಡಿಗೆ ಸುಣ್ಣ ಹೊಡೆಸಿ ಹೊಸ ಬೋರ್ಡು ನೇತುಹಾಕಿದ್ದರು. ಸೆಕೆಂಡ್ ಶಿಫ್ಟಿನವರಿಗೆ ಅನುಕೂಲವಾಗಲಿ ಅಂತ ಬೆಳಗ್ಗೆ ಏಳಕ್ಕೆ ಕ್ಲಾಸು. ಮೊದಲ ಬ್ಯಾಚಿನಲ್ಲಿ ನಾವಿದ್ದದ್ದು ಇಪ್ಪತ್ತಾರು ಜನ, ಅವರಲ್ಲಿ ಹೆಚ್ಚಿನವರು ಸುತ್ತಮುತ್ತಲ ಕಾರ್ಖಾನೆಯವರೇ. ಎಂಟೂವರೆಗೆ ಕೆಳಗೆ ಲೇತ್ ಶುರುವಾದರೆ ನಮ್ಮ ಬೆಂಚು ನಡುಗುತ್ತಿತ್ತು. ಬೈನರಿ ಸಂಖ್ಯೆಗಳನ್ನು ನಾನು ಕಲಿತದ್ದು ಕಿವಿಯಿಂದಲ್ಲ, ಮೇಷ್ಟ್ರ ತುಟಿ ನೋಡಿ.

ಮೇಷ್ಟ್ರು ಅಂದರೆ ಒಬ್ಬರೇ. ಗಣಿತ, ಕಂಪ್ಯೂಟರ್, ಇಂಗ್ಲಿಷ್ ಮೂರನ್ನೂ ಅವರೇ ಮಾಡುತ್ತಿದ್ದರು. ಮೂರನ್ನೂ ಚೆನ್ನಾಗಿಯೇ ಮಾಡುತ್ತಿದ್ದರು ಅನ್ನುವುದು ನನಗೆ ಕಿರಿಕಿರಿ. ಕಾಲೇಜಿನ ಮೇಲೆ ಆರೋಪಪಟ್ಟಿ ತಯಾರಿಸುತ್ತಿದ್ದವಳಿಗೆ ಇಂಥ ಸಾಕ್ಷಿ ಯಾಕೆ ಬೇಕು?

ಪಟ್ಟಿಯ ಮೊದಲ ಆರೋಪ, ಕೋರ್ಸಿಗೆ ವಿಶ್ವವಿದ್ಯಾಲಯದ ಮಾನ್ಯತೆ ಇನ್ನೂ ಇಲ್ಲ ಅನ್ನುವುದು. ಕೇಳಿದಾಗಲೆಲ್ಲ "ಬರುತ್ತಮ್ಮ" ಎಂಬ ಉತ್ತರ. ಪರೀಕ್ಷೆಗೆ ತಿಂಗಳಿದೆ ಅನ್ನುವಾಗ ಬಂದದ್ದು ತಪಾಸಣಾ ಸಮಿತಿ ಬರುತ್ತದೆಂಬ ಸುದ್ದಿ. ಅವರು ಒಪ್ಪಿದರೆ ಹಾಲ್ ಟಿಕೆಟ್, ಇಲ್ಲದಿದ್ದರೆ ವರ್ಷ ಹೋದಂತೆ.

ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. "ವಿದ್ಯಾರ್ಥಿಗಳ ಕಡೆಯಿಂದ ನೀನೇ ಮಾತಾಡ್ಬೇಕಮ್ಮ. ಚರ್ಚಾಸ್ಪರ್ಧೆಲಿ ಕಪ್ಪು ಹೊಡ್ಕೊಂಡ್ ಬರ್ತೀಯಲ್ಲ."

"ಪರ ಮಾತಾಡ್ಲಾ ಸಾರ್, ವಿರೋಧ ಮಾತಾಡ್ಲಾ?"

"ಯಾವುದಕ್ಕೆ ವಿರೋಧ?"

"ನಮ್ಮಲ್ಲಿ ಗುಣಮಟ್ಟ ಇದೆ ಅನ್ನೋದಕ್ಕೆ."

ಅವರು ಕನ್ನಡಕ ತೆಗೆದು ಒರೆಸಿದರು. "ಇದೆ ಅಂತ ಹೇಳಮ್ಮ. ಮೂರು ನಿಮಿಷ ಸಾಕು."

ಮಂಗಳವಾರ ಟೆಂಪೋದಲ್ಲಿ ನಮ್ಮ ಲೈಬ್ರರಿ ಬಂತು. ಊರಿನ ಇನ್ನೊಂದು ತುದಿಯ ಯಾವುದೋ ಕಾಲೇಜಿನಿಂದ ಎರವಲು. ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ಆ ಕಾಲೇಜಿನ ದುಂಡು ಸೀಲು. ಅದರ ಮೇಲೆ ನಮ್ಮ ಕಾಲೇಜಿನ ಚೀಟಿ ಅಂಟಿಸುವುದು ನಮ್ಮ ಕೆಲಸ. ನನ್ನ ಪಕ್ಕದಲ್ಲಿ ಗೋಂದಿನ ಬಾಟಲಿ ಹಿಡಿದು ಕೂತಿದ್ದವನು ರಾಯಚೂರಿನ ಸಹಪಾಠಿ. ಗೇರ್ ಮಾಡುವ ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಅಳೆದು ಪಾಸು ಮಾಡುವ ಕೆಲಸ ಅವನದು. ನನಗಿಂತ ದೊಡ್ಡವನಾದರೂ ನನ್ನನ್ನು ಅಕ್ಕಾರ ಅನ್ನುತ್ತಿದ್ದ, ಅರ್ಧ ಗೌರವಕ್ಕೆ, ಅರ್ಧ ಕೀಟಲೆಗೆ.

"ಅಕ್ಕಾರ, ರಿಜೆಕ್ಟ್ ಮಾಲಿಗೆ ಹಿಂಗ ಓಕೆ ಚೀಟಿ ಹಚ್ಚಿದ್ರ ನಮ್ಮಲ್ಲಿ ಅವತ್ತ ಮನಿಗಿ ಕಳಸ್ತಾರ."

"ಮತ್ತೆ ಯಾಕೆ ಹಚ್ಚುತಿದೀರಿ?"

"ಪರೀಕ್ಷಾ ಬರೀಬೇಕಲ್ರಿ. ಈ ಒಂದು ವರ್ಷ ಅಂತ ಸಾಹೇಬ್ರು ಕಾಯಂ ಸೆಕೆಂಡ್ ಶಿಫ್ಟ್ ಕೊಟ್ಟಾರ. ಪಾಸಾದ್ರ ಮುಂದನೂ ಕೊಡ್ತಾರ, ವರ್ಷ ಹೋತಂದ್ರ ಕೊಡಂಗಿಲ್ಲ. ಓದು ಅಲ್ಲಿಗೇ ಮುಗೀತು."

ನನಗೆ ಅಂಥ ಭಯವಿರಲಿಲ್ಲ. ಆದ್ದರಿಂದಲೇ ತತ್ವದ ಬಗ್ಗೆ ಧಾರಾಳವಾಗಿ ಯೋಚಿಸುತ್ತಿದ್ದೆ.

ಬುಧವಾರ ಬೆಳಗ್ಗೆ, ಸಮಿತಿಗಿಂತ ಸ್ವಲ್ಪ ಮುಂಚೆ, ಎರವಲಿನ ಐವರು ಲೆಕ್ಚರರುಗಳೂ ಬಂದಿಳಿದರು. ಅವರಲ್ಲೊಬ್ಬರು ಸ್ಟಾಫ್ ರೂಮ್ ಎಲ್ಲಿದೆ ಎಂದು ನನ್ನನ್ನು ಕೇಳಿದರು. ಅದು ಟೆಂಪೋದಲ್ಲಿ ಬಂದಿರಲಿಲ್ಲ.

ಸಮಿತಿಯಲ್ಲಿ ಮೂವರು. ಅಧ್ಯಕ್ಷೆ ಐವತ್ತು ದಾಟಿದ ಹೆಂಗಸು, ದಪ್ಪ ಕಾಟನ್ ಸೀರೆ. ಅವರು ಒಂದು ಪುಸ್ತಕ ತೆಗೆದು, ಮೊದಲ ಪುಟ ನೋಡದೆ ನೇರವಾಗಿ ನಡುವೆ ಎಲ್ಲೋ ಬಿಡಿಸಿದರು. ಕದ್ದರೆ ಸಿಕ್ಕಿಬೀಳಲಿ ಅಂತ ಲೈಬ್ರರಿಗಳು ಒಳಗಿನ ಒಂದು ಗುಟ್ಟಿನ ಪುಟಕ್ಕೂ ಸೀಲು ಹಾಕುತ್ತವೆಂದು ನನಗೆ ಆಗಲೇ ಗೊತ್ತಾದದ್ದು.

"ಏನ್ ಪ್ರಿನ್ಸಿಪಾಲ್ರೇ, ಪುಸ್ತಕಕ್ಕೆ ಎರಡು ತವರುಮನೆ?"

"ವಿನಿಮಯ ಯೋಜನೆ ಮೇಡಂ."

"ಹೌದಾ? ನಿಮ್ಮ ಎಷ್ಟು ಪುಸ್ತಕ ಅವರ ಹತ್ರ ಇವೆ?"

ಪ್ರಿನ್ಸಿಪಾಲರು ಉತ್ತರದ ಬದಲು ನನ್ನತ್ತ ಕೈ ತೋರಿಸಿದರು. ನಾನು ಎದ್ದು "ಮಾನ್ಯ ಅಧ್ಯಕ್ಷರೇ, ತೀರ್ಪುಗಾರರೇ" ಅಂದೆ. ಅಭ್ಯಾಸಬಲ. ಆಮೇಲೆ ಎಲ್ಲ ಹೇಳಿಬಿಟ್ಟೆ. ಪುಸ್ತಕಗಳು ನಿನ್ನೆ ಬಂದವು, ಚೀಟಿ ಹಚ್ಚಿದವರು ನಾವೇ, ಈ ಐವರನ್ನು ಈಗಷ್ಟೇ ನೋಡುತ್ತಿದ್ದೇವೆ, ಪಾಠ ಮಾಡುವವರು ಕೊನೆಯಲ್ಲಿ ನಿಂತಿರುವ ಒಬ್ಬರೇ. ಪಾಯಿಂಟಿನ ಮೇಲೆ ಪಾಯಿಂಟು. ಎದುರು ಪಕ್ಷಕ್ಕೆ ಬಾಯಿ ಬಿಡಲು ಜಾಗವಿಲ್ಲದ ಹಾಗೆ ನಾನು ಗೆದ್ದದ್ದು ಅದೇ ಮೊದಲು. ಕೂರುವಾಗ ರಾಯಚೂರಿನವನ ಮುಖ ಕಂಡಿತು. ಎದುರು ಪಕ್ಷದಲ್ಲಿ ಅವನಿದ್ದ.

ಅಧ್ಯಕ್ಷೆ ಫೈಲು ಮುಚ್ಚಿದರು. ಅವನು ಎದ್ದು ನಿಂತ.

"ಮೇಡಂ, ನಾನೂ ಇನ್ಸ್‌ಪೆಕ್ಟರ್ ಅದೀನ್ರಿ."

ಪೊಲೀಸ್ ಅಂದುಕೊಂಡು ಸಮಿತಿಯ ಒಬ್ಬರು ನೆಟ್ಟಗೆ ಕೂತರು.

"ಗೇರ್ ಇನ್ಸ್‌ಪೆಕ್ಟರ್ ರೀ. ಮಾಲು ಡ್ರಾಯಿಂಗಿಗೆ ಹೊಂದಲಿಲ್ಲಂದ್ರ ಎಲ್ಲಾನೂ ಸ್ಕ್ರಾಪಿಗೆ ಹಾಕಂಗಿಲ್ರಿ. ಕೆಲಸಕ್ಕ ಬರೂವಂಗ ಇದ್ರ ಡೀವಿಯೇಷನ್ ನೋಟ್ ಬರೀತೀವಿ. ಎಲ್ಲಿ ತಪ್ಪೈತಿ ಅಂತ ಬರದು, ಈ ಒಂದು ಲಾಟಿಗೆ ಮಾತ್ರ ಒಪ್ಪಿಗಿ, ಮುಂದಿನ ಲಾಟಿನೊಳಗ ಮಷೀನು ಸರಿ ಮಾಡ್ರಿ ಅಂತ ಸಹಿ ಮಾಡ್ತಾರ."

"ಇಲ್ಲಿ ಲಾಟ್ ಯಾವುದಪ್ಪ?"

"ನಾವ್ರಿ. ಇಪ್ಪತ್ತಾರು ಪೀಸು."

"ಕೆಲಸಕ್ಕೆ ಬರ್ತೀರಿ ಅಂತ ಹೇಗೆ ಹೇಳೋದು?"

"ಸ್ಯಾಂಪಲ್ ತಗದು ಅಳದು ನೋಡ್ರಿ."

ಅವರು ನಿಜಕ್ಕೂ ಸೀಮೆಸುಣ್ಣ ಕೈಗೆತ್ತಿಕೊಂಡರು. ನಲವತ್ತೈದನ್ನು ಬೈನರಿಯಲ್ಲಿ ಬರೆಯಲು ಹಿಂದಿನ ಬೆಂಚಿನವನನ್ನು ಕರೆಯುವಷ್ಟರಲ್ಲಿ ಕೆಳಗೆ ಲೇತ್ ಶುರುವಾಯಿತು. ಅವರ ಪ್ರಶ್ನೆ ಅವರಿಗೇ ಕೇಳಿಸಲಿಲ್ಲ. ಅವನು ಅವರ ತುಟಿ ನೋಡಿ ಒಂದು ಸೊನ್ನೆ ಒಂದು ಒಂದು ಸೊನ್ನೆ ಒಂದು ಎಂದು ಬರೆದು ಬಂದು ಕೂತ. ಹೀಗೆ ಐವರನ್ನು ಕರೆದರು. ನಾಲ್ವರದು ಸರಿ. ಐದನೆಯವಳು ನಾನು.

"ಇವಳೇನಪ್ಪ ಹೀಗೆ?" ಅಧ್ಯಕ್ಷೆ ಅವನನ್ನೇ ಕೇಳಿದರು.

"ರಿವರ್ಕ್ ಮಾಡಿದ್ರ ಆಗ್ತಾರ್ರಿ."

ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ. ನನ್ನ ಉತ್ತರದಿಂದ ಅವರಿಗೆ ನೋವಾಗಿತ್ತು.

ಒಂದು ವರ್ಷಕ್ಕೆ ಷರತ್ತಿನ ಮಾನ್ಯತೆ ಬಂತು. ಎರವಲಲ್ಲದ ಪುಸ್ತಕ, ಸಂಬಳದ ನಾಲ್ವರು ಲೆಕ್ಚರರು, ಲೇತಿನಿಂದ ದೂರದ ಕೊಠಡಿ, ಮುಂದಿನ ಬ್ಯಾಚಿನೊಳಗೆ. ಪ್ರಿನ್ಸಿಪಾಲರು ಆ ಪತ್ರವನ್ನು ನನಗೆ ತೋರಿಸಿ, "ನಿನಗೆ ಮಾತಾಡು ಅಂದಿದ್ದು ನನ್ನ ತಪ್ಪು, ಅವನನ್ನ ಕೇಳ್ಬೇಕಿತ್ತು" ಅಂದರು.

ಹಾಲ್ ಟಿಕೆಟ್ ಕೈಗೆ ಸಿಕ್ಕಿದ್ದು ಪರೀಕ್ಷೆಯ ಹಿಂದಿನ ದಿನ. ರಾಯಚೂರಿನವನು ಅದನ್ನು ಬೆಳಕಿಗೆ ಹಿಡಿದು ಹೆಸರು, ನಂಬರು, ಸಹಿ ಎಲ್ಲವನ್ನೂ ಬೆರಳಿಟ್ಟು ಪರೀಕ್ಷಿಸಿದ.

"ಬರಿಯಾಕ ಬಿಟ್ಟಾರ. ಪಾಸ್ ಆಗೂದಕ್ಕ ಮಾತ್ರ ಡೀವಿಯೇಷನ್ ಇಲ್ಲ ನೋಡ್ರಿ ಅಕ್ಕಾರ. ಎರಡನೇ ಪಾಠದ ನೋಟ್ಸ್ ಕೊಡ್ರಲ್ಲ."

ನನ್ನ ಹತ್ತಿರ ನೋಟ್ಸ್ ಇರಲಿಲ್ಲ. ಆ ಪಾಠ ನಡೆದ ವಾರವೆಲ್ಲ ನಾನು ಕೊನೆಯ ಬೆಂಚಿನಲ್ಲಿ ಕಾಲೇಜಿನ ಗುಣಮಟ್ಟದ ಬಗ್ಗೆ ಟಿಪ್ಪಣಿ ಬರೆಯುತ್ತಿದ್ದೆ.