ಮಣ್ಣಿಗೆ ಹೋಗದ ಹೊಕ್ಕುಳಬಳ್ಳಿ

“ನಮ್ಮ ಮಗೀನ ಬಳ್ಳಿ ವಾಪಸ್ ಕೊಡಿ. ಮಣ್ಣಿಗೆ ಆಕ್ಬೇಕು” ಎನ್ನುತ್ತ ಕೊಡಿಗೇಹಳ್ಳಿಯ ಅಜ್ಜಿಯೊಬ್ಬರು ಸ್ಟೀಲ್ ಡಬ್ಬಿ ಹಿಡಿದು ಯಲಹಂಕದ ನಮ್ಮ ಪ್ರಯೋಗಾಲಯದ ಬಾಗಿಲಲ್ಲಿ ನಿಂತುಬಿಟ್ಟರು.

ರಕ್ತ ಹರಿಯುವಾಗ ರಕ್ತನಾಳದ ಒಳಗೋಡೆಯ ಜೀವಕೋಶಗಳು ಏನು ಮಾಡುತ್ತವೆ ಎಂದು ನೋಡುವುದರಲ್ಲೇ ನನ್ನ ವೃತ್ತಿಜೀವನ ಕಳೆದಿದೆ. ಹೆರಿಗೆಯಾದ ಮೇಲೆ ಆಸ್ಪತ್ರೆಯವರು ಎಸೆಯುವ ಹೊಕ್ಕುಳಬಳ್ಳಿಯಿಂದಲೇ ನಮಗೆ ಆ ಕೋಶಗಳು ಸಿಗುತ್ತವೆ. ಅಜ್ಜಿಯ ಸೊಸೆ ಒಪ್ಪಿಯೇ ಕೊಟ್ಟಿದ್ದಳು, ಅತ್ತೆಗೆ ಮಾತ್ರ ಹೇಳಿರಲಿಲ್ಲ. ಹಿಂದಿರುಗಿಸೋಣವೆಂದರೆ, ಕೋಶಗಳನ್ನು ಬಿಡಿಸಿ ಬೆಳೆಸಲು ಇಟ್ಟಾಗಿತ್ತು; ಬಳ್ಳಿ ಬಳ್ಳಿಯಾಗಿ ಉಳಿದಿರಲಿಲ್ಲ. ಅವರನ್ನು ಒಳಗೆ ಕರೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ. ಗಾಜಿನ ತಟ್ಟೆಯಲ್ಲಿ ದ್ರವ ಹರಿಯುತ್ತಿತ್ತು. ಅವರ ಮೊಮ್ಮಗನ ಕೋಶಗಳೆಲ್ಲ ಹರಿವಿನ ದಿಕ್ಕಿಗೇ ಮೈಚಾಚಿಕೊಂಡಿದ್ದವು.

ಅಜ್ಜಿ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. “ಗಾಳಿಗೆ ರಾಗಿ ಪೈರು ಬಾಗ್ದಂಗೆ ಐತೆ. ಇನ್ನೂ ಜೀವ ಐತಾ?”

“ಇದೆ ಅಮ್ಮ. ಬೆಳೀತಾನೂ ಇದೆ.”

“ಮತ್ತೆ ಬದುಕಿರೋದನ್ನ ಯಾರವ್ವ ಊಳ್ತಾರೆ?” ಎಂದವರೇ ಎರಡೂ ಕೈಗಳನ್ನು ಮೈಕ್ರೋಸ್ಕೋಪಿಗೆ ನಿವಾಳಿಸಿ, ಕೆನ್ನೆಗೊತ್ತಿಕೊಂಡು ಲಟಲಟನೆ ನೆಟಿಗೆ ಮುರಿದು ದೃಷ್ಟಿ ತೆಗೆದರು. ಖಾಲಿ ಡಬ್ಬಿಯೊಂದಿಗೇ ಹೊರಟುಹೋದರು.

ನಾನೀಗ ನಿವೃತ್ತಿಯ ಹೊಸ್ತಿಲಲ್ಲಿದ್ದೇನೆ. ಕಲಿತದ್ದೆಲ್ಲ ಹೆಸರು ತಿಳಿಯದ ಕೂಸುಗಳ ಋಣ. ಇಂದಿಗೂ ಕೋಶಗಳು ಹರಿವಿನತ್ತ ತಿರುಗಿ ಸಾಲಾದಾಗ, ವಿದ್ಯಾರ್ಥಿಗಳು ಅತ್ತ ಹೋಗಿದ್ದಾರೆಯೇ ಎಂದು ನೋಡಿಕೊಂಡು ನಾನೂ ಒಮ್ಮೆ ನೆಟಿಗೆ ಮುರಿಯುತ್ತೇನೆ.